40 ಸಾವಿರದೊಳಗೆ ಮೊದಲ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೊದಲ ಸಲ ಕ್ಯಾಮೆರಾ ಕೊಳ್ಳಹೊರಟವರ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಕ್ಯಾಮೆರಾ ಬೆಲೆ ಹಬ್ಬದ ದಿನಕ್ಕೊಂದು, ಮಾಮೂಲಿ ದಿನಕ್ಕೊಂದು. ಹಾಗಾಗಿ ದರಪಟ್ಟಿ ಕೊಡುವ ಬದಲು, ಇರುವ ಹಣವನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಬರೆದಿದ್ದೇವೆ.

ಪ್ರಶ್ನೆ: ಶಾಲೆಯ ಕಾರ್ಯಕ್ರಮ, ಮನೆಯ ಸಮಾರಂಭ, ವರ್ಷಕ್ಕೊಂದು ಪ್ರವಾಸ, ಇಷ್ಟಕ್ಕೆ ಕ್ಯಾಮೆರಾ ಬೇಕು. 40 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಇನ್ನು ಸ್ವಲ್ಪ ಸೇರಿಸಿದರೆ ಹೊಸ ಕ್ಯಾನನ್ 1500ಡಿ ಎರಡು ಲೆನ್ಸ್ ಸಮೇತ ಬರುತ್ತದೆ, ಬ್ಯಾಗು, ಟ್ರೈಪಾಡ್ ಉಚಿತ ಅಂತ ಅಂಗಡಿಯವರು ಹೇಳುತ್ತಾರೆ. ಸ್ನೇಹಿತರು ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ನೇಹಿತರ ಮಾತು ಕೇಳಿ. ಆದರೆ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡದೆ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಪರೀಕ್ಷೆ ಹೇಗೆ ಎಂಬುದು ಮುಂದಿನ ಉತ್ತರವೊಂದರಲ್ಲಿದೆ.

1500ಡಿ ಕೆಟ್ಟ ಕ್ಯಾಮೆರಾ ಅಲ್ಲ. 2018ರಲ್ಲಿ ಬಂದ ಇದರ 24 ಮೆಗಾಪಿಕ್ಸೆಲ್ ಸೆನ್ಸರ್ ಹಗಲಲ್ಲಿ ಚೆನ್ನಾಗಿಯೇ ಚಿತ್ರ ಕೊಡುತ್ತದೆ. ಕೊರತೆ ಇರುವುದು ಫೋಕಸ್‌ನಲ್ಲಿ. ಫೋಕಸ್ ಬಿಂದುಗಳು ಒಂಬತ್ತೇ. ಅದರಲ್ಲೂ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸುವ ಕ್ರಾಸ್ ಟೈಪ್ ಬಿಂದು ನಡುವಿನದೊಂದೇ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಬೆಳಕು ಕಡಿಮೆಯಾದಾಗ ಅಂಚಿನ ಬಿಂದುಗಳು ಹಿಂದೆ ಮುಂದೆ ತಡಕಾಡುತ್ತವೆ, ಅಷ್ಟರಲ್ಲಿ ಮಕ್ಕಳ ಕುಣಿತ ಮುಗಿದಿರುತ್ತದೆ. ಸೆಕೆಂಡಿಗೆ ಮೂರೇ ಚಿತ್ರ. ಪರದೆ ತಿರುಗುವುದಿಲ್ಲ.

ಬಳಸಿದ್ದನ್ನು ಕೊಳ್ಳುವುದಾದರೆ ನಿಕಾನ್ ಡಿ5300 ಅಥವಾ ಡಿ5600 ಹುಡುಕಿ. ಎರಡರಲ್ಲೂ 24 ಮೆಗಾಪಿಕ್ಸೆಲ್, 39 ಫೋಕಸ್ ಬಿಂದು, ತಿರುಗುವ ಪರದೆ, ಸೆಕೆಂಡಿಗೆ 5 ಚಿತ್ರ. ಡಿ5600ರ ಪರದೆಗೆ ಟಚ್ ಉಂಟು, ಡಿ5300ಕ್ಕೆ ಇಲ್ಲ. ಚಿತ್ರದ ಗುಣಮಟ್ಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ, ಹಾಗಾಗಿ ಹಣ ಉಳಿಸಬೇಕೆಂದರೆ ಡಿ5300 ಸಾಕು. ಕ್ಯಾನನ್ನೇ ಬೇಕಿದ್ದರೆ 200ಡಿ ನೋಡಿ. ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರಿನಲ್ಲಿ ಅದಕ್ಕೂ ಒಂಬತ್ತೇ ಬಿಂದು, ಆದರೆ ಪರದೆ ನೋಡಿ ತೆಗೆಯುವಾಗ ಡ್ಯುಯಲ್ ಪಿಕ್ಸೆಲ್ ಫೋಕಸ್ ಬಲು ಚುರುಕು. ಸೋನಿ ಎ6000 ಕೂಡ ಸಿಗುತ್ತದೆ. 2014ರದಾದರೂ ಸೆಕೆಂಡಿಗೆ 11 ಚಿತ್ರ ತೆಗೆಯುವ ಗಟ್ಟಿ ಮಿರರ್‌ಲೆಸ್, ಅಂದರೆ ಡಿಎಸ್ಎಲ್ಆರ್‌ನಂತೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಬ್ಯಾಟರಿ ಮಾತ್ರ ಸುಮಾರು 350 ಚಿತ್ರಕ್ಕೆ ಮುಗಿಯುತ್ತದೆ, ಎರಡು ಬ್ಯಾಟರಿ ಇಲ್ಲದೆ ಮದುವೆಮನೆಗೆ ಹೋಗುವಂತಿಲ್ಲ.

40 ಸಾವಿರವನ್ನು ಹೀಗೆ ಹಂಚಿಕೊಳ್ಳಿ: ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮತ್ತು ಅದರ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸಿಗೆ 27 ಸಾವಿರದವರೆಗೆ, ಎಫ್ 1.8ರ (ಈ ಅಂಕೆ ಸಣ್ಣದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು) ಒಂದು ಲೆನ್ಸಿಗೆ 9 ಸಾವಿರದವರೆಗೆ, ಉಳಿದ 4 ಸಾವಿರ ಕಾರ್ಡು, ಇನ್ನೊಂದು ಬ್ಯಾಟರಿ ಮತ್ತು ತೇವ ತಡೆಯುವ ಡಬ್ಬಿಗೆ. ಇಡೀ ಹಣವನ್ನು ಬಾಡಿಯ ಮೇಲೆ ಸುರಿದು ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ಉಳಿಯುವವರೇ ಹೆಚ್ಚು. ಅದು ಬೇಸರದ ಸಂಗತಿ, ಏಕೆಂದರೆ ಸಂಜೆಯ ಮೇಲೆ ಚಿತ್ರ ಚೆನ್ನಾಗಿ ಬರುವುದೂ ಬಿಡುವುದೂ ಲೆನ್ಸಿನ ಕೈಯಲ್ಲಿದೆ. ಮನೆಯೊಳಗಿನ ಸಮಾರಂಭಕ್ಕೆ ನಿಕಾನ್‌ನಲ್ಲಿ 35 ಎಂಎಂ ಎಫ್ 1.8 ಡಿಎಕ್ಸ್ ಅನುಕೂಲ. ಕ್ಯಾನನ್‌ನಲ್ಲಿ 50 ಎಂಎಂ ಎಫ್ 1.8 ಎಸ್‌ಟಿಎಂ ಅಗ್ಗ, ಆದರೆ ಈ ಸೆನ್ಸರ್ ಮೇಲೆ ಅದು 80 ಎಂಎಂನಷ್ಟು ಹತ್ತಿರ ಎಳೆಯುತ್ತದೆ. ಹತ್ತಡಿಯ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಇಡೀ ಕುಟುಂಬ ಚೌಕಟ್ಟಿನೊಳಗೆ ಹಿಡಿಸುವುದಿಲ್ಲ.

ವಾರಂಟಿ ಇರುವ ಹೊಸದೇ ಬೇಕು ಅನಿಸಿದರೆ 1500ಡಿಯನ್ನು 18-55 ಒಂದರ ಜೊತೆ ಮಾತ್ರ ಕೊಳ್ಳಿ. ಲೆನ್ಸಿನ ಮೇಲೆ ಐಎಸ್ ಎಂಬ ಅಕ್ಷರ ಇದೆಯೇ ಎಂದು ಓದಿ ನೋಡಿ. ನಿಕಾನ್ ಆದರೆ ವಿಆರ್. ಅದು ಕೈನಡುಕ ತಡೆಯುವ ವ್ಯವಸ್ಥೆ. ನಿಕಾನ್‌ನ 70-300 ಎಎಫ್-ಪಿ ಲೆನ್ಸು ವಿಆರ್ ಇರುವುದು, ಇಲ್ಲದಿರುವುದು ಎಂದು ಎರಡು ಬಗೆಯಲ್ಲಿ ಬಂದಿದೆ, ನೋಡಲು ಎರಡೂ ಒಂದೇ ಥರ. ವಿಆರ್ ಇಲ್ಲದ್ದನ್ನು 300 ಎಂಎಂನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು 1/500 ಸೆಕೆಂಡಾದರೂ ಬೇಕು, ಸಂಜೆ ಅಷ್ಟು ಬೆಳಕಿರುವುದಿಲ್ಲ. ಉಚಿತ ಟ್ರೈಪಾಡ್ ನೋಡಿ ಮನಸ್ಸು ಬದಲಿಸಬೇಡಿ. ಒಂದು ಕೆಜಿಯೂ ತೂಗದ ಅದರ ಮೇಲೆ ಉದ್ದ ಲೆನ್ಸ್ ಹಾಕಿದ ಕ್ಯಾಮೆರಾ ಇಟ್ಟರೆ ಗಾಳಿಗೇ ಅಲುಗುತ್ತದೆ.

ಪ್ರಶ್ನೆ: ನನ್ನ ಮೊಬೈಲ್ 108 ಮೆಗಾಪಿಕ್ಸೆಲ್. ಕ್ಯಾಮೆರಾ ನೋಡಿದರೆ 24. ಅಷ್ಟು ಹಣ ಕೊಟ್ಟು ಕಡಿಮೆಯದನ್ನು ಯಾಕೆ ಕೊಳ್ಳಬೇಕು?
— ಓದುಗರೊಬ್ಬರು, ಕಲಬುರಗಿ

ಉತ್ತರ: ಆ 108 ಮೆಗಾಪಿಕ್ಸೆಲ್ ಮೊಬೈಲು ಮಾಮೂಲಿಯಾಗಿ ಒಂಬತ್ತು ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಪಿಕ್ಸೆಲ್ ತೀರಾ ಸಣ್ಣದಾದ್ದರಿಂದ ಒಂದೊಂದಕ್ಕೂ ಸಿಗುವ ಬೆಳಕು ಸಾಲುವುದಿಲ್ಲ, ಅದಕ್ಕೆ ಈ ಕೂಡಿಕೆ. ನೋಡಬೇಕಾದ್ದು ಸೆನ್ಸರಿನ ಅಳತೆ. ನಾವು ಹೇಳುತ್ತಿರುವ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಸುಮಾರು 23.5 × 15.6 ಎಂಎಂ. ಚಿಕ್ಕ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಇರುವುದು ಸುಮಾರು 6.2 × 4.6 ಎಂಎಂ, ಅಂದರೆ ವಿಸ್ತೀರ್ಣದಲ್ಲಿ ಹದಿಮೂರನೇ ಒಂದು ಪಾಲು. ಮೊಬೈಲುಗಳಲ್ಲಿ ಕೆಲವು ಇದಕ್ಕಿಂತ ದೊಡ್ಡವು ಇದ್ದರೂ ಎಪಿಎಸ್-ಸಿಯ ಹತ್ತಿರಕ್ಕೆ ಬರುವುದಿಲ್ಲ. 24 ಮೆಗಾಪಿಕ್ಸೆಲ್ ಅಂದರೆ 6000 × 4000 ಪಿಕ್ಸೆಲ್. ಇಂಚಿಗೆ 300ರಂತೆ ಅಚ್ಚು ಹಾಕಿದರೆ 20 × 13 ಇಂಚು. ಗೋಡೆಗೆ ಹಾಕುವ 12 × 18 ಇಂಚಿನ ಫೋಟೊಗೆ ಇದು ಧಾರಾಳ.

ಆದರೆ ನೀವು ತೆಗೆಯುವುದೆಲ್ಲ ಹಗಲಿನ ಚಿತ್ರ, ಕಳಿಸುವುದೆಲ್ಲ ವಾಟ್ಸ್ಆ್ಯಪ್‌ಗೆ ಎಂದಾದರೆ ಕ್ಯಾಮೆರಾ ಕೊಳ್ಳಬೇಡಿ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ, ವ್ಯತ್ಯಾಸ ಯಾರಿಗೂ ಕಾಣದು. ದೂರದ ಹಕ್ಕಿ, ರಾತ್ರಿಯ ವೇದಿಕೆ, ಓಡುವ ಮಗು, ದೊಡ್ಡ ಪ್ರಿಂಟು, ಇವುಗಳಲ್ಲಿ ಒಂದಾದರೂ ನಿಮಗೆ ಬೇಕಿದ್ದರೆ ಮಾತ್ರ ಹಣ ಹಾಕಿ.

ಪ್ರಶ್ನೆ: ಮದುವೆ ಫೋಟೊ ತೆಗೆಯುವವರೊಬ್ಬರು ಹಳೇ ಡಿಎಸ್ಎಲ್ಆರ್ ಮಾರುತ್ತಿದ್ದಾರೆ. ನೋಡಲು ಹೊಸದರಂತಿದೆ. ಏನೇನು ಪರೀಕ್ಷೆ ಮಾಡಬೇಕು?
— ಓದುಗರೊಬ್ಬರು, ತುಮಕೂರು

ಉತ್ತರ: ಹೊರಗಿನ ಹೊಳಪು ನೋಡಿ ಏನೂ ಹೇಳಲಾಗದು. ಹಗಲು ಹೊತ್ತಿನಲ್ಲಿ ಹೋಗಿ, ಅರ್ಧ ಗಂಟೆ ಬಿಡುವು ಕೇಳಿ. ಜೊತೆಗೆ ನಿಮ್ಮದೇ ಒಂದು ಎಸ್‌ಡಿ ಕಾರ್ಡು, ಒಂದು ದಿನಪತ್ರಿಕೆ ಮತ್ತು ಟಾರ್ಚ್ ಇರಲಿ. ಮೊಬೈಲಿನ ಟಾರ್ಚ್ ಸಾಕು.

ಮೊದಲು ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರು, ಬಿಲ್ಲು, ಡಬ್ಬಿ ಮೂರೂ ತಾಳೆಯಾಗುತ್ತವೆಯೇ ನೋಡಿ. ಬಿಲ್ಲೂ ಇಲ್ಲ, ಡಬ್ಬಿಯೂ ಇಲ್ಲ ಎಂದರೆ ಎಷ್ಟು ಅಗ್ಗವಿದ್ದರೂ ಬಿಟ್ಟುಬಿಡಿ. ಕದ್ದ ಮಾಲು ಇರಬಹುದು.

ಆಮೇಲೆ ಲೆನ್ಸು. ಬಾಡಿಯಿಂದ ಬಿಚ್ಚಿ ಎರಡೂ ಕಡೆಯ ಮುಚ್ಚಳ ತೆಗೆಯಿರಿ. ನಿಕಾನ್‌ನ ಜಿ ಬಗೆಯ ಲೆನ್ಸುಗಳು ಬಿಚ್ಚಿದ ಕೂಡಲೇ ಒಳಗಿನ ಬ್ಲೇಡ್ ಮುಚ್ಚಿಕೊಳ್ಳುತ್ತವೆ. ಮೌಂಟಿನ ಅಂಚಿನಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಕಾಣುತ್ತದೆ, ಅದನ್ನು ಉಗುರಿನಿಂದ ಮೆಲ್ಲಗೆ ತಳ್ಳಿ ಹಿಡಿದರೆ ತೆರೆಯುತ್ತದೆ. ಕ್ಯಾನನ್‌ನವು ತೆರೆದೇ ಇರುತ್ತವೆ. ಈಗ ಟಾರ್ಚನ್ನು ಲೆನ್ಸಿನ ಹಿಂದೆ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ಲೆನ್ಸನ್ನು ನಿಧಾನ ತಿರುಗಿಸುತ್ತಾ ಹೋಗಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಅಂಚಿನಿಂದ ನಡುವಿಗೆ ಜೇಡರ ಬಲೆಯಂತೆ, ಹತ್ತಿಯ ಎಳೆಯಂತೆ ಹಬ್ಬಿದ್ದರೆ ಅದು ಫಂಗಸ್. ಇಡೀ ಗಾಜು ಆವಿ ಹಿಡಿದ ಕನ್ನಡಿಯಂತೆ ಮಂಜಾಗಿದ್ದರೆ ಹೇಜ್. ಬ್ಲೇಡುಗಳ ಮೇಲೆ ಎಣ್ಣೆಯ ಪಸೆ ಹೊಳೆದರೆ ಅವು ಮುಂದೊಂದು ದಿನ ಅಂಟಿಕೊಳ್ಳುತ್ತವೆ. ಮೂರರಲ್ಲಿ ಯಾವುದು ಕಂಡರೂ ಆ ಲೆನ್ಸ್ ಬೇಡ. ಕಿಟ್ ಲೆನ್ಸನ್ನು ಬಿಚ್ಚಿ ಸ್ವಚ್ಛ ಮಾಡಿಸುವ ಖರ್ಚಿಗೆ ಇನ್ನೊಂದು ಹಳೇ ಕಿಟ್ ಲೆನ್ಸ್ ಹುಡುಕಿಕೊಳ್ಳುವುದೇ ಲೇಸು.

ಸೆನ್ಸರ್ ಪರೀಕ್ಷೆಗೆ ಅಪರ್ಚರ್ ಮೋಡ್‌ನಲ್ಲಿ (ಎಫ್ ಅಂಕೆಯನ್ನು ನಾವೇ ಆರಿಸುವ ಮೋಡ್) ಎಫ್ 16, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100 ಇಟ್ಟು, ಫೋಕಸನ್ನು ಮ್ಯಾನ್ಯುಯಲ್ ಮಾಡಿ, ಚಿತ್ರ ಮಸುಕಾಗುವಂತೆ ತಿರುಗಿಸಿ ಬರಿಯ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯಿರಿ. ಕೈ ಅಲುಗಿದರೂ ಪರವಾಗಿಲ್ಲ, ಸೆನ್ಸರ್ ಮೇಲಿನ ಧೂಳು ಹೇಗೂ ಅಲುಗುವುದಿಲ್ಲ. ಚಿತ್ರ ದೊಡ್ಡದು ಮಾಡಿ ನೋಡಿ. ದುಂಡಗಿನ ಬೂದು ಚುಕ್ಕೆಗಳು ಧೂಳು, ಶುಚಿ ಮಾಡಿಸಬಹುದು. ಬ್ಲೋವರಿನಿಂದ ಗಾಳಿ ಊದಿದ ಮೇಲೂ ಅದೇ ಜಾಗದಲ್ಲಿ ಚೂಪಾದ ಗೆರೆ ಉಳಿದರೆ ಸೆನ್ಸರ್ ಮೇಲೆ ಗೀರು ಬಿದ್ದಿರಬಹುದು, ಅಂಥದ್ದನ್ನು ಕೊಳ್ಳಬೇಡಿ.

ಮುಂದೆ ಶಟರ್, ಅಂದರೆ ಸೆನ್ಸರಿಗೆ ಬೆಳಕು ಬಿಟ್ಟು ಮುಚ್ಚುವ ಪರದೆ. ಲೆನ್ಸನ್ನು ಪೂರ್ತಿ ತೆರೆದಿಟ್ಟು ಬಿಸಿಲು ಬಿದ್ದ ಜಾಗದತ್ತ 1/4000 ಸೆಕೆಂಡಿನಲ್ಲಿ ಐದಾರು ಚಿತ್ರ ತೆಗೆಯಿರಿ. ಚೌಕಟ್ಟಿನ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ಪರದೆ ಸರಿಯಾಗಿ ಓಡುತ್ತಿಲ್ಲ. ಎಷ್ಟು ಚಿತ್ರ ತೆಗೆದಿದೆ ಎಂಬ ಲೆಕ್ಕ ನಿಕಾನ್‌ನಲ್ಲಿ ಸುಲಭ: ಕ್ಯಾಮೆರಾದಿಂದ ನೇರ ಬಂದ ಜೆಪೆಗ್ ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲೇ ಶಟರ್ ಕೌಂಟ್ ಬರೆದಿರುತ್ತದೆ. ಕ್ಯಾನನ್ ಅದನ್ನು ಫೈಲಿನಲ್ಲಿ ಬರೆಯುವುದಿಲ್ಲ, ಯುಎಸ್‌ಬಿ ಕೇಬಲ್ ಹಾಕಿ ಸಾಫ್ಟ್‌ವೇರಿನಿಂದ ಓದಬೇಕು. ನಿಕಾನ್ ಡಿ5600 ಶಟರನ್ನು 1 ಲಕ್ಷ ಬಾರಿಗೆ, ಡಿ7200ರದ್ದನ್ನು ಒಂದೂವರೆ ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ. ಆ ಸಂಖ್ಯೆ ಮುಟ್ಟಿದ ಕೂಡಲೇ ಕೆಡುತ್ತದೆ ಅಂತಲ್ಲ, ಅಲ್ಲಿಯವರೆಗೆ ಬರುತ್ತದೆ ಎಂಬ ಖಾತರಿಯೂ ಅಲ್ಲ. ಮೊದಲ ಕ್ಯಾಮೆರಾ ಕೊಳ್ಳುವವರು ಶಟರ್ ಕೌಂಟ್ 30 ಸಾವಿರದೊಳಗಿನದನ್ನು ಆರಿಸಿದರೆ ನೆಮ್ಮದಿ. ಮದುವೆಯವರ ಕ್ಯಾಮೆರಾದಲ್ಲಿ ಇನ್ನೊಂದು ವಿಷಯ ನೆನಪಿಡಿ: ಗಂಟೆಗಟ್ಟಲೆ ವಿಡಿಯೊ ತೆಗೆದಿದ್ದರೆ ಆ ದುಡಿತ ಶಟರ್ ಲೆಕ್ಕದಲ್ಲಿ ಕಾಣುವುದಿಲ್ಲ.

ಫೋಕಸ್ ನಿಖರವಾಗಿದೆಯೇ ತಿಳಿಯಲು ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, 45 ಡಿಗ್ರಿ ಓರೆಯಿಂದ, ಲೆನ್ಸಿನ ಅತಿ ಸಣ್ಣ ಎಫ್ ಅಂಕೆಯಲ್ಲಿ, ನಡುವಿನ ಬಿಂದುವನ್ನು ಒಂದು ಸಾಲಿನ ಮೇಲಿಟ್ಟು ತೆಗೆಯಿರಿ. ಒಮ್ಮೆ ವ್ಯೂಫೈಂಡರ್ ನೋಡಿ, ಒಮ್ಮೆ ಪರದೆ ನೋಡಿ. ಪರದೆಯದ್ದು ಚೂಪಾಗಿ, ವ್ಯೂಫೈಂಡರಿನದ್ದರಲ್ಲಿ ಮುಂದಿನ ಅಥವಾ ಹಿಂದಿನ ಸಾಲು ಚೂಪಾಗಿ ಬಂದರೆ ಫೋಕಸ್ ಜರುಗಿದೆ. ಕೊನೆಗೆ ಎಲ್ಲ ಗುಂಡಿ, ಡಯಲ್, ಫ್ಲ್ಯಾಶ್ ಒತ್ತಿ ನೋಡಿ. ಬ್ಯಾಟರಿ ಸಲೀಸಾಗಿ ಹೊರಬರದೆ ಸಿಕ್ಕಿಕೊಂಡರೆ ಅದು ಉಬ್ಬಿದೆ. ಬಾಡಿಯ ಬೆಲೆಯಲ್ಲಿ ಹೊಸ ಬ್ಯಾಟರಿಯ ಹಣ ಕಳೆಯಲು ಹೇಳಿ.

ಪ್ರಶ್ನೆ: ನಿಕಾನ್ 50 ಎಂಎಂ ಎಫ್ 1.8ಡಿ ಅಗ್ಗಕ್ಕೆ ಸಿಗುತ್ತಿದೆ. ನನ್ನ ಡಿ3500ಗೆ ಆಗುತ್ತದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಕೂರುತ್ತದೆ, ಆದರೆ ಫೋಕಸನ್ನು ನೀವೇ ತಿರುಗಿಸಬೇಕು. ಡಿ ಲೆನ್ಸುಗಳಿಗೆ ಬಾಡಿಯೊಳಗಿನ ಮೋಟರ್ ಬೇಕು. ಡಿ3000, ಡಿ5000 ಸರಣಿಗಳಲ್ಲಿ ಅದು ಇಲ್ಲ; ಡಿ90, ಡಿ7000, ಡಿ7200ರಲ್ಲಿದೆ. ನಿಮಗೆ ಎಎಫ್-ಎಸ್ 50 ಎಂಎಂ ಎಫ್ 1.8ಜಿ ಬೇಕು. ತಿರುವು ಮುರುವಿನ ತೊಂದರೆಯೂ ಉಂಟು: ಎಎಫ್-ಪಿ ಎಂಬ ಹೊಸ ಲೆನ್ಸುಗಳು ಡಿ3100, ಡಿ5100, ಡಿ90ಯಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಮಾಡುವುದಿಲ್ಲ.

ಪ್ರಶ್ನೆ: ಕೊಕ್ಕರೆಬೆಳ್ಳೂರು, ರಂಗನತಿಟ್ಟು ಎರಡೂ ನಮಗೆ ಹತ್ತಿರ. ಹಕ್ಕಿ ಫೋಟೊಗೆ 83 ಪಟ್ಟು ಜೂಮ್‌ನ ನಿಕಾನ್ ಪಿ900 ಒಳ್ಳೆಯದೋ, ಡಿಎಸ್ಎಲ್ಆರ್‌ಗೆ 70-300 ಹಾಕುವುದೋ?
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಎರಡು ಜಾಗಕ್ಕೆ ಡಿಎಸ್ಎಲ್ಆರ್ ಮತ್ತು 70-300.

ಪಿ900 ಜೂಮ್ 2000 ಎಂಎಂಗೆ ಸಮ, ಅದು ನಿಜ. ಕೆರೆಯ ಆಚೆ ದಡದಲ್ಲಿ ಕೂತ ಹಕ್ಕಿ ಯಾವುದೆಂದು ಗುರುತಿಸಿ ದಾಖಲಿಸಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಅದರ ಸೆನ್ಸರ್ ಹಿಂದಿನ ಉತ್ತರದಲ್ಲಿ ಹೇಳಿದ ಕಾಂಪ್ಯಾಕ್ಟ್ ಕ್ಯಾಮೆರಾಗಳಷ್ಟೇ ಚಿಕ್ಕದು, ಜೂಮ್ ತುದಿಯಲ್ಲಿ ಅಪರ್ಚರ್ ಎಫ್ 6.5, ರಾ ಫೈಲ್ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲ್) ಇಲ್ಲ. ಬೆಳಗಿನ ಆರೂವರೆಯ ಬೆಳಕಿನಲ್ಲಿ ಗರಿಗಳೆಲ್ಲ ಕಲಸಿಹೋಗುತ್ತವೆ. ಹಾರುವ ಹಕ್ಕಿಯನ್ನು ಅದರ ವ್ಯೂಫೈಂಡರಿನಲ್ಲಿ ಹಿಂಬಾಲಿಸುವುದು ಬಹಳ ಕಷ್ಟ.

ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುವುದೇ ಊರೊಳಗಿನ ಮರಗಳಲ್ಲಿ. ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಯ ಪಕ್ಕದಲ್ಲೇ ಸಾಗುತ್ತದೆ. ಹಕ್ಕಿಗಳು ದೊಡ್ಡವು, ದೂರ ಕಡಿಮೆ. 300 ಎಂಎಂ ಲೆನ್ಸ್ ಈ ಸೆನ್ಸರ್ ಮೇಲೆ 450 ಎಂಎಂನಷ್ಟು ಎಳೆಯುತ್ತದೆ. ಚಿತ್ರದ ನಡುವಿನ ಅರ್ಧ ಅಗಲ, ಅರ್ಧ ಎತ್ತರ ಕತ್ತರಿಸಿ ತೆಗೆದರೂ 3000 × 2000 ಪಿಕ್ಸೆಲ್ ಉಳಿಯುತ್ತದೆ, 10 ಇಂಚಿನ ಪ್ರಿಂಟಿಗೆ ಅಷ್ಟು ಸಾಕು.

ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/1250ರಿಂದ 1/1600. ಫೋಕಸ್ ಮೋಡ್ ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಎಎಫ್-ಸಿ, ಕ್ಯಾನನ್ ಆದರೆ ಎಐ ಸರ್ವೊ. ನಡುವಿನ ಒಂದೇ ಬಿಂದು, ಸರಣಿ ಚಿತ್ರ. ಹೊಸಬರ ಚಿತ್ರ ಹೆಚ್ಚಾಗಿ ಕೆಡುವುದು ಬೆಳಕಿನ ಅಂದಾಜಿನಲ್ಲಿ. ಹಿಂದೆ ಬರಿಯ ಆಕಾಶವಿದ್ದರೆ ಕ್ಯಾಮೆರಾ ಅದನ್ನು ತಗ್ಗಿಸಲು ಹೋಗಿ ಹಕ್ಕಿಯನ್ನು ಕಪ್ಪು ಮಾಡುತ್ತದೆ, ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1 ಇಡಿ. ಕಡು ಹಸಿರಿನ ಮುಂದೆ ಬಿಳಿ ಹಕ್ಕಿ ಕೂತಿದ್ದರೆ ತದ್ವಿರುದ್ಧ, −0.7. ಗೂಡಿನ ಕೆಳಗೆ ಗದ್ದಲ ಮಾಡಬೇಡಿ, ಫ್ಲ್ಯಾಶ್ ಹಾಕಬೇಡಿ. ಬೆದರಿದ ತಾಯಿಹಕ್ಕಿ ಗೂಡು ಬಿಟ್ಟು ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೆ ಬಯಲಾಗುತ್ತವೆ.

ಪ್ರಶ್ನೆ: ರಾತ್ರಿ ಯಕ್ಷಗಾನದ ಫೋಟೊ ಕಿಟ್ ಲೆನ್ಸಿನಲ್ಲಿ ಮಸುಕು. ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಒಂದು ಚಿತ್ರ ಬೆಳಕು, ಮುಂದಿನದು ಕತ್ತಲು. ಕ್ಯಾಮೆರಾ ಬದಲಿಸಬೇಕೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಕ್ಯಾಮೆರಾ ಹಾಗೇ ಇರಲಿ, ಲೆನ್ಸ್ ಬದಲಿಸಿ. ನೀವು ಹೇಳಿದ ಮೂರು ತೊಂದರೆಗೂ ಕಾರಣ ಬೇರೆ ಬೇರೆ.

ಮಸುಕಿಗೆ ಕಾರಣ ಬೆಳಕಿನ ಕೊರತೆ. ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್ಒ 6400 ಇಟ್ಟರೂ ನಿಮಗೆ 1/60 ಸಿಗುತ್ತದೆ ಎಂದುಕೊಳ್ಳಿ; ಕುಣಿಯುವ ವೇಷವನ್ನು 1/60 ಹಿಡಿದು ನಿಲ್ಲಿಸಲಾರದು. ಅದೇ ಜಾಗದಲ್ಲಿ 50 ಎಂಎಂ ಎಫ್ 1.8 ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಎಂಟು ಪಟ್ಟು ಬೆಳಕು. ಆಗ ಐಎಸ್ಒ 3200ಕ್ಕೆ ಇಳಿಸಿಯೂ 1/250 ಸಿಗುತ್ತದೆ. ನಿಂತು ಅರ್ಥ ಹೇಳುವಾಗ 1/125 ಸಾಕು, ಪ್ರವೇಶದ ಕುಣಿತಕ್ಕೆ 1/250, ಹಾರಿ ಸುತ್ತುವ ಧೀಂಗಿಣಕ್ಕೆ 1/500 ಬೇಕು, ಅಲ್ಲಿ ಐಎಸ್ಒ ಮತ್ತೆ 6400ಕ್ಕೆ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಸರಿ, ಮಸುಕಾದದ್ದನ್ನು ಆಮೇಲೆ ಸರಿಪಡಿಸಲಾಗದು.

ಮುಖ ಸುಡುವುದು ರಂಗಸ್ಥಳದ ಹಿಂದಿನ ಕತ್ತಲಿನಿಂದ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪಾದರೆ ಕ್ಯಾಮೆರಾ ಬೆಳಕು ಸಾಲದು ಎಂದು ಲೆಕ್ಕ ಹಾಕಿ ಏರಿಸುತ್ತದೆ, ಮುಖದ ಬಣ್ಣ, ಕಿರೀಟದ ಹೊಳಪು ಎರಡೂ ಹಾಳಾಗುತ್ತವೆ. ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಮುಖದ ಬೆಳಕು ಅಳೆಯಿರಿ, ಇಲ್ಲವೇ ಮ್ಯಾನ್ಯುಯಲ್ ಮೋಡ್‌ಗೆ ಹೋಗಿ. ರಂಗಸ್ಥಳದ ದೀಪ ಬೆಳಗಿನವರೆಗೂ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಹೊಂದಿಸಿದರೆ ರಾತ್ರಿಯಿಡೀ ನಡೆಯುತ್ತದೆ. ಬಿಳುಪು ಹೆಚ್ಚಿರುವ ಬಣ್ಣದ ವೇಷ ಬಂದಾಗ ಒಂದೆರಡು ಹೆಜ್ಜೆ ತಗ್ಗಿಸಿ.

ಚಿತ್ರದಿಂದ ಚಿತ್ರಕ್ಕೆ ಬೆಳಕು ಬದಲಾಗುವುದು ದೀಪದ ಮಿಣುಕಿನಿಂದ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. 1/100ರಲ್ಲಿ ಒಂದು ಪೂರ್ತಿ ಏರಿಳಿತ ದಾಖಲಾಗುತ್ತದೆ, ಬೆಳಕು ಸಮನಾಗುತ್ತದೆ. 1/250ರಲ್ಲಿ ಅದರ ಅರ್ಧವೂ ದಾಖಲಾಗುವುದಿಲ್ಲ; ಏರಿನಲ್ಲಿ ತೆಗೆದದ್ದು ಬೆಳಕು, ಇಳಿತದಲ್ಲಿ ತೆಗೆದದ್ದು ಕತ್ತಲು. ಮೆನುವಿನಲ್ಲಿ ಆಂಟಿ ಫ್ಲಿಕರ್ ಶೂಟಿಂಗ್ ಇದ್ದರೆ ಹಾಕಿ. ಇಲ್ಲದಿದ್ದರೆ ಒಂದೊಂದು ಕ್ಷಣಕ್ಕೂ ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆದು ಸರಿಯಾದದ್ದನ್ನು ಇಟ್ಟುಕೊಳ್ಳಿ. ಮಿರರ್‌ಲೆಸ್ ಇರುವವರು ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಲೇಬೇಕು, ಇಲ್ಲವಾದರೆ ಚಿತ್ರದ ಉದ್ದಕ್ಕೂ ಅಡ್ಡಪಟ್ಟೆ ಬೀಳುತ್ತದೆ. ಫ್ಲ್ಯಾಶ್ ಬೇಡ. ವೇಷಧಾರಿಯ ಕಣ್ಣಿಗೆ ಹೊಡೆಯುತ್ತದೆ, ರಂಗಸ್ಥಳದ ಬಣ್ಣವೆಲ್ಲ ಚಪ್ಪಟೆಯಾಗುತ್ತದೆ. ಚೌಕಿಯಲ್ಲಿ ಬಣ್ಣ ಬರೆಯುವುದನ್ನು ತೆಗೆಯುವುದಾದರೆ ಅಲ್ಲಿನ ಇಕ್ಕಟ್ಟಿಗೆ 35 ಎಂಎಂ ಸರಿ.

ಪ್ರಶ್ನೆ: ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಕ್ಯಾಮೆರಾ ಕೊಂಡರೆ ಉಳಿಯುತ್ತದೆಯೇ? ಒಲೆ ಮೇಲಿನ ಅಟ್ಟದಲ್ಲಿ ಇಡಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಅಟ್ಟ ಬೇಡ. ಅಲ್ಲಿ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಲೆನ್ಸಿನ ಲೇಪನದ ಮೇಲೆ ಕೂರುತ್ತದೆ. ಕ್ಯಾಮೆರಾ ಬ್ಯಾಗಿನಲ್ಲೂ ಇಡಬೇಡಿ. ಬ್ಯಾಗಿನ ಸ್ಪಂಜು, ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಕತ್ತಲು ಮತ್ತು ನಿಂತ ಗಾಳಿ ಜೊತೆಯಾದರೆ ಬೂಷ್ಟು ಬೆಳೆಯಲು ಇನ್ನೇನೂ ಬೇಡ.

ರಬ್ಬರ್ ಅಂಚಿರುವ, ಗಾಳಿಯಾಡದ 8-10 ಲೀಟರಿನ ಪ್ಲಾಸ್ಟಿಕ್ ಡಬ್ಬಿ ತನ್ನಿ. ಅಡುಗೆ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಒಳಗೆ 200 ಗ್ರಾಂ ಸಿಲಿಕಾ ಜೆಲ್ ತೆಳು ಬಟ್ಟೆಯ ಗಂಟಿನಲ್ಲಿ, ಪಕ್ಕದಲ್ಲಿ ಒಂದು ಚಿಕ್ಕ ತೇವಮಾಪಕ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಬೇಕು. ವಾರಗಟ್ಟಲೆ 65ರ ಮೇಲಿದ್ದರೆ ಫಂಗಸ್ ಹಿಡಿಯುತ್ತದೆ, 30ಕ್ಕಿಂತ ಕೆಳಗೆ ಇಳಿದರೆ ರಬ್ಬರು ಮತ್ತು ಒಳಗಿನ ಗ್ರೀಸು ಒಣಗುತ್ತವೆ. ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದನ್ನು ಆರಿಸಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಕಿತ್ತಳೆ ಹಸಿರಾದಾಗ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಾ ಬಿಸಿ ಮಾಡಿದರೂ ಆದೀತು, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಇದನ್ನು ಹಲವು ಸಲ ಮಾಡಬೇಕಾಗುತ್ತದೆ. ಅಕ್ಕಿ ಹಾಕುವ ಅಭ್ಯಾಸ ಬಿಡಿ, ಅದರ ಹಿಟ್ಟಿನ ಪುಡಿ ಕ್ಯಾಮೆರಾದ ಸಂದಿಗಳಿಗೆ ಸೇರುತ್ತದೆ.

ಮಳೆಯಲ್ಲಿ ಓಡಾಡಿ ಬಂದ ದಿನ ಒದ್ದೆ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ತೆಗೆದು, ಫ್ಯಾನ್ ಕೆಳಗೆ ಎರಡು ಗಂಟೆ ಬಿಟ್ಟು ಆಮೇಲೆ ಇಡಿ. ವಾರಕ್ಕೊಮ್ಮೆ ಹೊರತೆಗೆದು ಹತ್ತು ಚಿತ್ರ ತೆಗೆಯಿರಿ, ಬಳಕೆಯಲ್ಲಿರುವ ಲೆನ್ಸಿಗೆ ಫಂಗಸ್ ಹಿಡಿಯುವುದು ಕಡಿಮೆ.

ಪ್ರಶ್ನೆ: ಮಗ ದುಬೈಯಿಂದ ಕ್ಯಾಮೆರಾ ತರುತ್ತೇನೆ ಅನ್ನುತ್ತಾನೆ. ತೊಂದರೆ ಇದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಬೆಲೆ ಮಾತ್ರ ನೋಡಬೇಡಿ ಎಂದು ಹೇಳಿ. ವಾರಂಟಿ ಕಾರ್ಡಿನಲ್ಲಿ ಅದು ಯಾವ ದೇಶಗಳಿಗೆ ಅನ್ವಯ ಎಂದು ಬರೆದಿರುತ್ತದೆ, ಭಾರತ ಅದರಲ್ಲಿ ಇಲ್ಲದಿದ್ದರೆ ಇಲ್ಲಿ ದುರಸ್ತಿಗೆ ಪೂರ್ತಿ ಹಣ ಕೊಡಬೇಕು. ಜಪಾನಿನ ಮಾರುಕಟ್ಟೆಗೆಂದು ತಯಾರಾದ ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯೊಂದರಲ್ಲೇ ಇರುತ್ತದೆ; ಅಂಗಡಿಯಲ್ಲೇ ಆನ್ ಮಾಡಿಸಿ ನೋಡಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಲಿ, ವಿಮಾನ ನಿಲ್ದಾಣದ ಸುಂಕದವರಿಗೆ ತೋರಿಸಲೂ ಅದು ಬೇಕು.

ಪ್ರಶ್ನೆ: ಯೂಟ್ಯೂಬಿಗೆ ಅಡುಗೆ ವಿಡಿಯೊ ಮಾಡಲು ಯಾವ ಕ್ಯಾಮೆರಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೈಕ್ ಜಾಕ್ ಮತ್ತು ತಿರುಗುವ ಪರದೆ ಇರಲೇಬೇಕು. ಕ್ಯಾನನ್ 1500ಡಿ, ನಿಕಾನ್ ಡಿ3500, ಸೋನಿ ಎ6000 ಮೂರಕ್ಕೂ ಮೈಕ್ ಜಾಕ್ ಇಲ್ಲ. ಕ್ಯಾನನ್ 200ಡಿ, ಆರ್50, ನಿಕಾನ್ ಡಿ5600, ಸೋನಿ ಝಡ್‌ವಿ-ಇ10, ಇವುಗಳಲ್ಲಿದೆ. ಝಡ್‌ವಿ-ಇ10ಕ್ಕೆ ವ್ಯೂಫೈಂಡರ್ ಇಲ್ಲ, ವಿಡಿಯೊ ಮಾಡುವವರಿಗೆ ಅದು ಕೊರತೆಯಲ್ಲ. ಆದರೆ ಈಗ ಮೊಬೈಲಿನಲ್ಲಿ ಮಾಡುತ್ತಿದ್ದರೆ ಮೊದಲು ಕಾಲರಿಗೆ ಸಿಕ್ಕಿಸುವ ಮೈಕು, ಒಂದು ದೊಡ್ಡ ಎಲ್ಇಡಿ ದೀಪ ಕೊಳ್ಳಿ. ಒಗ್ಗರಣೆಯ ಸದ್ದಿನ ನಡುವೆ ನಿಮ್ಮ ಮಾತು ಕೇಳಿಸದಿದ್ದರೆ ಚಿತ್ರ ಎಷ್ಟು ಚೆನ್ನಾಗಿದ್ದರೂ ನೋಡುವವರು ನಿಲ್ಲುವುದಿಲ್ಲ.

ಪ್ರಶ್ನೆ: ಎಷ್ಟು ಜಿಬಿ ಕಾರ್ಡು ಬೇಕು? ಆನ್‌ಲೈನ್‌ನಲ್ಲಿ ತೀರಾ ಅಗ್ಗದವು ಇವೆ.
— ಓದುಗರೊಬ್ಬರು, ವಿಜಯಪುರ

ಉತ್ತರ: 128ರ ಒಂದರ ಬದಲು 64 ಜಿಬಿಯ ಎರಡು. ಒಂದು ಕೆಟ್ಟರೂ ಅರ್ಧ ಪ್ರವಾಸ ಉಳಿಯುತ್ತದೆ. ಕಾರ್ಡಿನ ಮೇಲೆ ಯುಎಚ್ಎಸ್-1, ವಿ30 ಗುರುತು ಸಾಕು. ರಾ ಫೈಲು ಒಂದೊಂದು 25-30 ಎಂಬಿ ಆದರೂ 64 ಜಿಬಿಯಲ್ಲಿ ಎರಡು ಸಾವಿರದಷ್ಟು ಹಿಡಿಸುತ್ತವೆ. ಅಗ್ಗದ ನಕಲಿ ಕಾರ್ಡುಗಳು 64 ಎಂದು ತೋರಿಸಿದರೂ ಒಳಗೆ 8 ಇರಬಹುದು. ಮೊದಲ 8 ಜಿಬಿ ಸರಿಯಾಗಿ ಬರೆದು, ಮುಂದಿನ ಚಿತ್ರಗಳೆಲ್ಲ ಮನೆಗೆ ಬಂದು ತೆರೆದಾಗ ಖಾಲಿ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್ ಕಾರ್ಡನ್ನು ತುದಿವರೆಗೆ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತದೆ. ಕೊಂಡ ದಿನವೇ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು. ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ.